ಅಗಲ ಗಾಲಿಯ ಕಾರನ್ನು ಓಡಿಸಿದವರು ಯಾರು?

ನಾನು ನಿಂತಿದ್ದುದು ಸೇತುವೆಯ ಹರಪನಹಳ್ಳಿ ಕಡೆಯ ತುದಿಯಲ್ಲಿ, ಕೊಟ್ಟೂರಿಗೆ ಮುಖ ಮಾಡಿ. ಸುಣ್ಣ ಬಳಿದ ಕಾವಲುಗಲ್ಲುಗಳ ಸಾಲಿನಲ್ಲಿ ಕೊನೆಯ ಕಲ್ಲಿನ ಮೇಲೆ ನನ್ನ ಕೈ ಇತ್ತು. 1984ನೇ ಇಸವಿ, ಮಣ್ಣೆತ್ತಿನ ಅಮಾವಾಸ್ಯೆಯ ದಿನ, ಮಧ್ಯಾಹ್ನ ಮೂರರ ಮೇಲೆ. ಒಂದು ಜೋರು ಮಳೆ ಬಂದು ನಿಂತಿತ್ತು. ಬಿಸಿಲು ಬಿದ್ದಿತ್ತು. ಕಣ್ಣಿಗೆ ಅಡ್ಡ ಏನೂ ಇರಲಿಲ್ಲ.

(ಕೋರ್ಟಿನಲ್ಲಿ ಸಾಕ್ಷಿ ಹೇಳಿದಂತಾಯಿತೇ? ಆಗಲಿ. ಈ ವಾರದ ಅಂಕಣದಲ್ಲಿ ನನಗೆ ಬೇಕಾದದ್ದೂ ಅದೇ.)

ಕಳೆದ ತಿಂಗಳು ಹರಪನಹಳ್ಳಿಯಲ್ಲಿ ಒಂದು ಮದುವೆ. ಊಟ ಮುಗಿಸಿ, ಎಲೆಯಡಿಕೆ ತಟ್ಟೆ ನಡುವೆ ಇಟ್ಟುಕೊಂಡು ನಾಲ್ಕಾರು ಜನ ಕುಳಿತಿದ್ದೆವು. ನನ್ನ ಎದುರಿಗೆ ನಿರ್ಮಲಮ್ಮ. ನನ್ನ ಹೈಸ್ಕೂಲು ಗೆಳೆಯ, ಕೊಟ್ಟೂರಿನ ಎಣ್ಣೆಮಿಲ್ಲಿನ ಕೊಟ್ರೇಶನ ಹೆಂಡತಿ. ಕೊಟ್ರೇಶ ತೀರಿಕೊಂಡು ಎರಡು ವರ್ಷವಾಯಿತು.

ನೆಂಟರ ಪೈಕಿ ಒಬ್ಬ ತರುಣ ತನ್ನ ಹೊಸ ಕಾರಿಗೆ ಹಾಕಿಸಿದ ಅಗಲ ಟೈರುಗಳ ಫೋಟೋವನ್ನು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸುತ್ತಿದ್ದ. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಹತ್ತಿ ವ್ಯಾಪಾರದವರು, ನಗುತ್ತ ಅಂದರು:

"ಹುಷಾರಪ್ಪಾ ತಮ್ಮಾ. ನಮ್ಮ ನಿರ್ಮಲಕ್ಕನ ಕೈಯಾಗ ಮಾತ್ರ ಕೊಡಬ್ಯಾಡ. ಹಿಂದಕ ಹಿಂಥಾದ್ದ ಒಂದು ಕಾರು ಸೇತುವಿ ಮ್ಯಾಲ ಬುಗುರಿ ಆಡಿಸ್ಯಾಳ ಆಕಿ!"

ಎಲ್ಲರೂ ನಕ್ಕರು. ನಿರ್ಮಲಮ್ಮನೂ ನಕ್ಕರು. ನಕ್ಕು, ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು:

"ಹೂಂ ಮತ್ತ. ನನ್ನ ಕೈಯಾಗ ಜಾರಿತ್ತದು."

ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರು ನನ್ನ ಕಡೆ ಒಮ್ಮೆ ನೋಡಿದರು. ಆ ನೋಟಕ್ಕೆ ನಾನು ಬಾಯಿ ಮುಚ್ಚಿದೆ. ಮನೆಗೆ ಬಂದ ಮೇಲೂ ಎದೆ ಸಮಾಧಾನಕ್ಕೆ ಬರಲಿಲ್ಲ.

ಯಾಕೆಂದರೆ ಆ ಕಾರು ಆಕೆಯ ಕೈಯಲ್ಲಿ ಜಾರಲಿಲ್ಲ. ಆವತ್ತು ಸ್ಟೀರಿಂಗ್ ಆಕೆಯ ಕೈಯಲ್ಲಿ ಇರಲೇ ಇಲ್ಲ. ನಾನು ನೋಡಿದ್ದೇನೆ.

ಮೊದಲಿನಿಂದ ಹೇಳಬೇಕು. ನಿಧಾನಕ್ಕೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಕೊಟ್ರೇಶನ ಹತ್ತಿರ ಒಂದು ವಿಲಾಯಿತಿ ಸ್ಪೋರ್ಟ್ಸ್ ಕಾರಿತ್ತು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಮಡಚಿಡುವ ಕ್ಯಾನ್ವಾಸಿನ ಹೊದಿಕೆ. ಕುಳಿತರೆ ಕೈ ಚಾಚಿ ರಸ್ತೆ ಮುಟ್ಟಬಹುದು, ಅಷ್ಟು ತಗ್ಗು. ಬಳ್ಳಾರಿಯ ಯಾರೋ ಸಾಹುಕಾರರ ಶೆಡ್ಡಿನಲ್ಲಿ ಕೋಳಿಗೂಡಾಗಿ ನಿಂತಿದ್ದದ್ದನ್ನು ತಂದು, ಪುಕ್ಕ ಗುಡಿಸಿ, ಎಂಜಿನ್ ಬಿಚ್ಚಿ ಜೋಡಿಸಿ, ಕೆಂಪು ಬಣ್ಣ ಹೊಡೆಸಿದ್ದ. ಕೊಟ್ಟೂರಿನ ಜನ ಅದಕ್ಕೆ 'ಕೆಂಪ್ ಕಪ್ಪಿ', ಅಂದರೆ ಕೆಂಪು ಕಪ್ಪೆ, ಎಂದು ಹೆಸರಿಟ್ಟರು.

ಅದನ್ನು ಓಡಿಸುತ್ತಿದ್ದವಳು ನಿರ್ಮಲಾ.

(ಆಗ ಆಕೆಯನ್ನು ನಾನು ಏಕವಚನದಲ್ಲೇ ಕರೆಯುತ್ತಿದ್ದೆ. ಗೆಳೆಯನ ಹೊಸ ಹೆಂಡತಿ, ನನ್ನ ತಂಗಿಯ ವಯಸ್ಸು. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.)

ಎಂಬತ್ತರ ದಶಕದ ಕೊಟ್ಟೂರಿನಲ್ಲಿ ಒಬ್ಬ ಹೆಣ್ಣುಮಗಳು ತೆರೆದ ಕಾರು ಓಡಿಸುವುದೆಂದರೆ ಏನು? ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಆರಿಹೋಗುತ್ತಿತ್ತು. ಆದರೆ ಜನ ಆಡಿಕೊಳ್ಳಲು ಇನ್ನೊಂದು ಕಾರಣವೂ ಇತ್ತು. ನಿರ್ಮಲಾ ಚಿಕ್ಕವಳಿದ್ದಾಗ ಹುಣಸೆಮರದಿಂದ ಬಿದ್ದು ಎಡಗೈ ಮುರಿದುಕೊಂಡಿದ್ದಳು. ನಾಟಿ ವೈದ್ಯರು ಬಿದಿರಿನ ಪಟ್ಟಿ ಕಟ್ಟಿದರು. ಮೂಳೆ ಕೂಡಿತು. ಮೊಣಕೈ ಮಾತ್ರ ಪೂರ್ತಿ ಬಗ್ಗಲೂ ಇಲ್ಲ, ಪೂರ್ತಿ ಚಾಚಲೂ ಇಲ್ಲ. ಆ ಕೈಗೆ ಬಲ ಬರಲಿಲ್ಲ. ಹಾಗಾಗಿ ಆಕೆಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ.

ನಮ್ಮ ಕಡೆ ಜೋಳದ ರೊಟ್ಟಿ ಬಡಿಯಲು ಬಾರದ ಸೊಸೆ ಅಂದರೆ ಮುಗಿಯಿತು. "ರೊಟ್ಟಿ ಬಡಿಯಾಕ ಬರದಾಕಿಗೆ ಕಾರು ಬಿಡಾಕ ಬರ್ತೈತಂತ!" ಈ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಆದರೆ ಬರುತ್ತಿತ್ತು. ಅದೇ ಆ ಕಾರಿನ ಗುಣ. ಅದರ ಗಾಲಿಗಳು ಸಣ್ಣವು, ತೆಳ್ಳಗೆ. ಮೂತಿ ಹಗುರ. ಸ್ಟೀರಿಂಗನ್ನು ಒಂದು ಬೆರಳಿನಲ್ಲಿ ತಿರುಗಿಸಿದರೂ ತಿರುಗುತ್ತಿತ್ತು. ಗೇರಿನ ಕಡ್ಡಿ ಗಿಡ್ಡ, ತೊಡೆಯ ಪಕ್ಕದಲ್ಲೇ. ಎಡಮೊಣಕೈಯನ್ನು ಚಾಚಬೇಕಿರಲಿಲ್ಲ. ಬಲಗೈಯಲ್ಲಿ ಸ್ಟೀರಿಂಗು, ಎಡಗೈ ಇದ್ದಲ್ಲೇ ಗೇರು. ಯಾರೋ ದೂರದ ದೇಶದಲ್ಲಿ ಕುಳಿತು ನಿರ್ಮಲಾಳ ಕೈ ಅಳತೆಗೇ ಮಾಡಿದಂತಿತ್ತು.

ನಮ್ಮ ಕಡೆ ಅಮಾವಾಸ್ಯೆ ಅಂದರೆ ಎತ್ತು ಹೂಡುವುದಿಲ್ಲ, ಮಿಲ್ಲು ತಿರುಗಿಸುವುದಿಲ್ಲ. ಗಾಡಿಗಳಿಗೆ ಪೂಜೆ. ಪ್ರತಿ ಅಮಾವಾಸ್ಯೆ ಪೂಜೆ ಮುಗಿಸಿ ಗಂಡ-ಹೆಂಡತಿ ಚಿಗಟೇರಿಯಲ್ಲಿದ್ದ ನಿರ್ಮಲಾಳ ಅಕ್ಕನ ಮನೆಗೆ ಹೊರಡುತ್ತಿದ್ದರು. ಓಡಿಸುವವಳು ಆಕೆ. ಪಕ್ಕದಲ್ಲಿ ಕೊಟ್ರೇಶ, ತೊಡೆಯ ಮೇಲೆ ಹೋಳಿಗೆ ಡಬ್ಬಿ ಇಟ್ಟುಕೊಂಡು. ದಾರಿಯಲ್ಲಿ ನಾನು ಸಿಕ್ಕರೆ ನಿಲ್ಲಿಸುತ್ತಿದ್ದರು. ನಾನಾಗ ರಸ್ತೆ ಕೆಲಸದ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್. ಕೂಡ್ಲಿಗಿ ತಾಲೂಕಿನ ಈ ಭಾಗದ ರಸ್ತೆಗಳೇ ನನ್ನ ಮನೆ.

"ಲೇ ದುರುಗಾ, ಡ್ರೈವರ್ ಹೆಂಗದಾಳ ನೋಡಲೇ!" ಎನ್ನುತ್ತಿದ್ದ ಕೊಟ್ರೇಶ. "ಪಗಾರ ಇಲ್ಲ, ಬರೇ ಬೈಗುಳ. ಅದೂ ನನಗ!"

"ಸುಮ್ನ ಕುಂದರ್ರಿ ನೀವು. ಡಬ್ಬಿ ಅಲ್ಲಾಡ್ತೈತಿ," ಎನ್ನುತ್ತಿದ್ದಳು ಆಕೆ, ಕಣ್ಣು ರಸ್ತೆಯಿಂದ ತೆಗೆಯದೆ.

ನಾನು ನೋಡಿದ ಅತ್ಯಂತ ಸುಖಿ ಮುಖಗಳಲ್ಲಿ ಅದೊಂದು.

ಕೆಟ್ಟದ್ದು ಆದದ್ದು ಎಂಬತ್ತಮೂರರ ಹಿಂಗಾರಿನಲ್ಲಿ. ಅಕ್ಕನ ಮನೆ ಇದ್ದದ್ದು ಊರಾಚೆ, ಹೊಲದಲ್ಲಿ. ಅಲ್ಲಿಗೆ ಹೋಗುವ ದಾರಿ ಕಪ್ಪು ಎರೆಮಣ್ಣು. ಮಳೆ ಬಿದ್ದಿತ್ತು. ತೆಳ್ಳನೆ ಗಾಲಿಗಳು ಬೆಣ್ಣೆಗೆ ಚಾಕು ಹಾಕಿದಂತೆ ಎರೆಯೊಳಗೆ ಇಳಿದುಬಿಟ್ಟವು. ಕಾರಿನ ಹೊಟ್ಟೆ ನೆಲಕ್ಕೆ ತಾಗಿ ಕುಳಿತಿತು. ಅಮಾವಾಸ್ಯೆ, ಎತ್ತು ಹೂಡುವಂತಿಲ್ಲ. ಜನರೇ ಹಗ್ಗ ಹಾಕಿ ಎಳೆದರು. ಸ್ಟೀರಿಂಗ್ ಹಿಡಿದು ಕುಳಿತವಳು ನಿರ್ಮಲಾ. ನೋಡಲು ನೆರೆದವರಲ್ಲಿ ಯಾರೋ ಹೆಂಗಸು ಅಂದಳಂತೆ:

"ಕೈ ಸೊಟ್ಟ ಇದ್ದಾಕಿ ಕೈಯಾಗ ಕೊಟ್ರ ಕಾರು ಎರಿಗೇ ಬೀಳತೈತಿ ಬಿಡ್ರಿ."

ಆಕೆ ಕೇಳಿಸಿಕೊಂಡಳೋ ಇಲ್ಲವೋ, ಕೊಟ್ರೇಶ ಕೇಳಿಸಿಕೊಂಡ. ಮಾರನೆಯ ದಿನ ನನ್ನನ್ನು ಹುಡುಕಿಕೊಂಡು ಬಂದ. ಕಣ್ಣು ಕೆಂಪಗಿದ್ದವು.

"ಇನ್ನೊಮ್ಮಿ ಆಕಿ ಎರ್ಯಾಗ ಸಿಕ್ಕಬಾರದಲೇ," ಅಂದ. ಅಷ್ಟೇ ಅಂದ.

ಇನ್ನು ನಮ್ಮ ಎರೆಸೀಮೆಯ ಜನ ಮಾತ್ರ ಮಾಡಬಲ್ಲ ಒಂದು ತಪ್ಪನ್ನು ಹೇಳುತ್ತೇನೆ, ಕೇಳಿ.

ಆ ವರ್ಷಗಳಲ್ಲಿ ನಮ್ಮ ಊರುಗಳಲ್ಲಿ ಬಂಡಿಗಳು ಬದಲಾಗುತ್ತಿದ್ದವು. ಕಬ್ಬಿಣದ ಪಟ್ಟಿ ಬಡಿದ ಕಟ್ಟಿಗೆ ಗಾಲಿ ಹೋಗಿ, ರಬ್ಬರಿನ ಅಗಲ ಟೈರು ಬರುತ್ತಿತ್ತು. ಕಟ್ಟಿಗೆ ಗಾಲಿ ಹಸಿ ಎರೆಯಲ್ಲಿ ನಡುವಿನ ಗುಂಬದವರೆಗೆ ಮುಳುಗುತ್ತಿತ್ತು. ಟೈರ್ ಬಂಡಿ ಮೇಲೆಯೇ ತೇಲಿಕೊಂಡು ಹೋಗುತ್ತಿತ್ತು. ಇದನ್ನು ಎಲ್ಲರೂ ಕಣ್ಣಾರೆ ಕಂಡಿದ್ದೆವು. ಕಂಡದ್ದನ್ನು ನಂಬದೆ ಇರುವುದು ಹೇಗೆ?

ಬಂಡಿಗಳಿಗೆ ಟೈರ್ ಗಾಲಿ ಕೂಡಿಸಿಕೊಡುತ್ತಿದ್ದವರು ಕೊಟ್ಟೂರಿನ ಬುಡೇನ್ ಸಾಬರು. ವೆಲ್ಡಿಂಗಿನಲ್ಲಿ ಭಾರಿ ಹೆಸರು. ಕೊಟ್ರೇಶ ಕಾರನ್ನು ಅವರ ಅಂಗಡಿ ಮುಂದೆ ನಿಲ್ಲಿಸಿದಾಗ ನಾನೂ ಜೊತೆಗಿದ್ದೆ.

"ಬುಡೇನ್ ಸಾಬ್ರ, ಬಂಡಿ ಯಾಕ ಮುಳುಗ್ತೈತಿ?"

"ಗಾಲಿ ಸಣ್ಣೈತಲ್ರಿ ಸಾವ್ಕಾರ್ರ, ಅದಕ್ಕ."

"ಟೈರ್ ಬಂಡಿ?"

"ಅದೆಲ್ಲಿ ಮುಳುಗ್ತೈತ್ರಿ? ಎರಿ ಮ್ಯಾಲ ಹಾಸಿಗಿ ಹಾಸಿದಂಗ ಹೊಕ್ಕೈತಿ."

"ಹಂಗಾರ ಈ ಕಪ್ಪಿಗೂ ಒಂದು ಹಾಸಿಗಿ ಹಾಸಿಬಿಡ್ರಿ."

ಮೂವರೂ ನಕ್ಕೆವು. ಲೆಕ್ಕ ಎಷ್ಟು ಸರಳ! ಅಲ್ಲಿದ್ದ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ಬುಡೇನ್ ಸಾಬರು ರಿಮ್ಮುಗಳನ್ನು ಉದ್ದಕ್ಕೂ ಕತ್ತರಿಸಿ, ನಡುವೆ ಕಬ್ಬಿಣದ ಪಟ್ಟಿ ಸೇರಿಸಿ, ವೆಲ್ಡ್ ಮಾಡಿ ಅಗಲ ಮಾಡಿದರು. ಹಳೆಯ ಗಾಲಿ ಹಾಳಾಗದಿರಲಿ ಎಂದು ಬೇರೆಯವೇ ನಾಲ್ಕು ರಿಮ್ಮು ಹುಡುಕಿ ತಂದಿದ್ದರು. ಟೈರು ಬೊಂಬಾಯಿಯಿಂದ ಲಾರಿ ಮೇಲೆ ಬಂದವು. ಸೆಕೆಂಡ್ ಹ್ಯಾಂಡು, ಮೇಲಿನ ಹಲ್ಲು ಅರ್ಧ ಸವೆದವು. ಆದರೆ ಎಂಥ ಅಗಲ! ಯುಗಾದಿ ಅಮಾವಾಸ್ಯೆಗೆ ಕೂಡಿಸಿದರು. ಮಡ್‌ಗಾರ್ಡಿನ ಹೊರಗೆ ಗಾಲಿ ಇಣುಕುತ್ತಿತ್ತು, ಗಿಡ್ಡ ಲುಂಗಿಯ ಕೆಳಗೆ ಮೊಣಕಾಲು ಕಂಡಂತೆ. ಪೂಜೆ ಮಾಡಿ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಗ ಬುಡೇನ್ ಸಾಬರು ಕೂಗಿದರು:

"ಒಂದೊಂದು ಸಾಲಂಗಿಲ್ರಿ, ಎರಡೆರಡು ಇಡ್ರಿ! ಇವು ಗಾಲಿ ಅಲ್ಲ, ಗಾಣದ ಕಲ್ಲು!"

ಕೊಟ್ರೇಶ ಹೆಂಡತಿಯ ಕಡೆ ತಿರುಗಿ ಕಾರಿನ ಬೀಗದಕೈ ಎರಡೂ ಕೈಯಲ್ಲಿ ಹಿಡಿದು ಕೊಟ್ಟ, ಆರತಿ ತಟ್ಟೆ ಕೊಟ್ಟಂತೆ.

"ನಿನಗಂತ ಮಾಡಿಸೀನಿ. ಇನ್ನ ಮುಳುಗಂಗಿಲ್ಲ."

ಆಕೆಯ ಮುಖ ಅರಳಿದ್ದನ್ನು ನಾನು ನೋಡಿದೆ. ಅದು ಸುಳ್ಳಲ್ಲ. ಹೀಗೆ ಯೋಚಿಸಿ ಮಾಡುವ ಗಂಡಂದಿರು ಎಷ್ಟು ಜನ?

ಆ ಕಾರು ಒಣ ರಸ್ತೆಯಲ್ಲಿ ಬೇರೆಯೇ ಆಗಿತ್ತು. ಇದ್ದದ್ದನ್ನು ಇದ್ದಂತೆ ಹೇಳಬೇಕು. ಮೊದಲು ತಿರುವಿನಲ್ಲಿ ಸ್ವಲ್ಪ ಜೋರಾಗಿ ಹೋದರೆ ಹಿಂಭಾಗ ಮೆಲ್ಲಗೆ ಸರಿಯುತ್ತಿತ್ತು, ಸೀರೆಯ ಸೆರಗು ಜಾರಿದಂತೆ. ಈಗ ಇಲ್ಲ. ಉಡದಂತೆ ರಸ್ತೆಯನ್ನು ಹಿಡಿದುಕೊಳ್ಳುತ್ತಿತ್ತು. ಕೂಡ್ಲಿಗಿ ದಾರಿಯ ತಿರುವುಗಳಲ್ಲಿ ಕೊಟ್ರೇಶ ನನ್ನನ್ನು ಕೂರಿಸಿಕೊಂಡು ಓಡಿಸಿ, "ನೋಡಲೇ, ನೋಡಲೇ!" ಎಂದು ಚಿಕ್ಕವನಂತೆ ಕೂಗಿದ. ಬೇಸಿಗೆಯ ಒಂದು ಅಡ್ಡಮಳೆಯಲ್ಲಿ ಚಿಗಟೇರಿಯ ಎರೆದಾರಿಯನ್ನೂ ದಾಟಿದರು. ಮುಳುಗಲಿಲ್ಲ. ಬುಡೇನ್ ಸಾಬರ ಲೆಕ್ಕ ಸರಿಯಾಗಿತ್ತು.

ಆದರೆ ದಾಟಿಸಿದವನು ಕೊಟ್ರೇಶ. ನಿರ್ಮಲಾ ಪಕ್ಕದ ಸೀಟಿನಲ್ಲಿದ್ದಳು. ಹೋಳಿಗೆ ಡಬ್ಬಿ ಆಕೆಯ ತೊಡೆಯ ಮೇಲೆ.

ಯುಗಾದಿಯ ನಂತರ ಪ್ರತಿ ಸಲವೂ ಹಾಗೆಯೇ. ನಾನು ಒಮ್ಮೆ ಕೇಳಿದೆ: "ಯಾಕಮ್ಮಾ, ಈಗ ನೀ ಓಡಿಸಂಗಿಲ್ಲೇನು?"

"ಹೊಸ ಗಾಲಿ ಅಲ್ರೀ ಅಣ್ಣಾರ," ಅಂದಳು. "ಅವರಿಗೂ ಆಸಿ ಇರ್ತೈತಿ. ಒಂದಷ್ಟು ದಿನ ಅವರ ಓಡಿಸ್ಲಿ ಬಿಡ್ರಿ."

ನನಗೆ ಅದು ಪ್ರೀತಿಯ ಮಾತಾಗಿ ಕೇಳಿಸಿತು. ಪ್ರೀತಿಯ ಮಾತೇ ಅದು. ಆದರೆ ನಿಜ ಮಾತ್ರ ಬೇರೆ ಇತ್ತು.

ನಿಜವೇನೆಂದರೆ ಅಗಲ ಗಾಲಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಹಿಡಿದದ್ದನ್ನು ತಿರುಗಿಸಲು ಹೆಚ್ಚು ಬಲ ಬೇಕು. ಅದೂ ಗಾಲಿ ಹೊರಕ್ಕೆ ಚಾಚಿಕೊಂಡಿದ್ದರೆ ರಸ್ತೆಯ ಪ್ರತಿ ಗುಂಡಿಯ ಪೆಟ್ಟೂ ಉದ್ದ ಹಾರೆಯಿಂದ ಮೀಟಿದಂತೆ ಸ್ಟೀರಿಂಗಿಗೆ ಬರುತ್ತದೆ. ಸ್ಟೀರಿಂಗಿನಿಂದ ಕೈಗೆ. ರಸ್ತೆ ಅಂಚಿನ ಬಂಡಿಜಾಡು ಕಂಡರೆ ಗಾಲಿ ತಾನಾಗಿ ಅತ್ತ ಎಳೆಯುತ್ತದೆ, ಮೇವು ಕಂಡ ಎತ್ತಿನ ಹಾಗೆ. ಎಣ್ಣೆ ಡಬ್ಬಿ ಎತ್ತಿ ಬೆಳೆದ ಕೊಟ್ರೇಶನ ಎರಡು ಕೈಗಳಿಗೆ ಇದು ಗೊತ್ತೇ ಆಗಲಿಲ್ಲ. ಒಂದೇ ಕೈಯಲ್ಲಿ ಓಡಿಸುವವಳಿಗೆ?

ಮಿಲ್ಲಿನ ಅಂಗಳದಲ್ಲಿ ಆಕೆ ಒಬ್ಬಳೇ ಇದ್ದಾಗ ಪ್ರಯತ್ನಿಸಿದ್ದಳಂತೆ. ಗೇಟಿನಿಂದ ಹೊರಗೆ ತಿರುಗಿಸಲು ಆಗಲಿಲ್ಲ. ಇಳಿದು, ಬೀಗದಕೈಯನ್ನು ದೇವರ ಗೂಡಿನಲ್ಲಿ ಇಟ್ಟಳಂತೆ. ಯಾರಿಗೂ ಹೇಳಲಿಲ್ಲ. ಇದು ನನಗೆ ಆಮೇಲೆ, ಆ ಸೇತುವೆಯ ಮೇಲೆ ತಿಳಿಯಿತು.

ಈಗ ಸೇತುವೆಗೆ ಬರುತ್ತೇನೆ.

ಅದು ಹಳ್ಳಕ್ಕೆ ಕಟ್ಟಿದ ತಗ್ಗು ಸೇತುವೆ. ಕೊಟ್ಟೂರಿನ ಕಡೆಯಿಂದ ರಸ್ತೆ ಇಳಿಜಾರಾಗಿ ಬಂದು ಸೇತುವೆಯ ಮೇಲೆ ಮಟ್ಟವಾಗುತ್ತದೆ. ಮಳೆಗೆ ಚರಂಡಿ ಕಟ್ಟಿಕೊಂಡು ಇಳಿಜಾರಿನ ಕೊನೆಗೆ ರಸ್ತೆಯ ಮೇಲೆ ನೀರು ನಿಂತಿತ್ತು. ಹೆಚ್ಚಿಲ್ಲ. ಕಾಲಿಟ್ಟರೆ ಹೆಬ್ಬೆರಳು ಮುಳುಗಬಹುದು, ಅಷ್ಟೇ. ಹಬ್ಬದ ದಿನವಾದರೂ ಅದನ್ನು ಬಿಡಿಸಲು ನಾನು ರಸ್ತೆಕೂಲಿ ಗ್ಯಾಂಗಿನ ಹುಲಿಗೆಮ್ಮನನ್ನು ಕರೆತಂದಿದ್ದೆ. ಆಕೆ ಸೇತುವೆಯ ಪಕ್ಕ ಮೊಣಕಾಲುದ್ದ ಕೆಸರಿನಲ್ಲಿ ಸಲಿಕೆ ಹಿಡಿದು, "ಮಕ್ಕಳು ಮಣ್ಣೆತ್ತು ಮಾಡಾಕ ಎರಿ ತುಳೀತಾವ, ಸಾಹೇಬ್ರು ನನ್ನ ಕೈಲೆ ತುಳಸಾಕತ್ಯಾರ," ಎಂದು ಗೊಣಗುತ್ತಿದ್ದಳು.

ಕೆಂಪು ಕಾರು ಇಳಿಜಾರಿನ ತಲೆಯಲ್ಲಿ ಕಾಣಿಸಿತು. ಹೊದಿಕೆ ಮಡಚಿತ್ತು. ಇಬ್ಬರೂ ಸ್ಪಷ್ಟವಾಗಿ ಕಂಡರು. ಬಲಗಡೆ, ಸ್ಟೀರಿಂಗಿನ ಹಿಂದೆ, ಬಿಳಿ ಅಂಗಿಯ ಕೊಟ್ರೇಶ. ಎಡಗಡೆ ನಿರ್ಮಲಾ, ಹಸಿರು ಸೀರೆ, ಸೆರಗು ಹಾರದಂತೆ ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು, ಎರಡೂ ಕೈ ಡಬ್ಬಿಯ ಮೇಲಿದ್ದವು. ಇದನ್ನು ನಾನು ಮತ್ತೊಮ್ಮೆ ಬರೆಯುತ್ತೇನೆ: ಆಕೆಯ ಎರಡೂ ಕೈ ಡಬ್ಬಿಯ ಮೇಲಿದ್ದವು.

ವೇಗ ಹುಚ್ಚು ವೇಗವೇನಲ್ಲ. ಹಳೆಯ ಗಾಲಿಯಲ್ಲಿ ಆಕೆ ಅದೇ ವೇಗದಲ್ಲಿ ಅದೇ ನೀರನ್ನು ಎಷ್ಟೋ ಸಲ ದಾಟಿದ್ದಳು. ತೆಳ್ಳನೆ ಗಾಲಿ ನೀರನ್ನು ಸೀಳಿ ಡಾಂಬರನ್ನು ಮುಟ್ಟುತ್ತಿತ್ತು. ನಾನು ಅಭ್ಯಾಸಕ್ಕೆ ಕೈ ಎತ್ತಿದೆ, ನಿಧಾನ ಎಂದು. ಕೊಟ್ರೇಶನೂ ನಕ್ಕು ಕೈ ಎತ್ತಿದ.

ಕಾರು ನೀರಿಗೆ ಬಂತು. ಟೈರಿನ ಸದ್ದು ನಿಂತುಹೋಯಿತು. ಮೊದಲು ನನಗೆ ಗೊತ್ತಾದದ್ದು ಆ ಮೌನ.

ಸೇತುವೆಗೆ ಬರಲು ರಸ್ತೆ ಸ್ವಲ್ಪ ಬಲಕ್ಕೆ ಬಾಗುತ್ತದೆ. ಕೊಟ್ರೇಶ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದ. ಮುಂದಿನ ಗಾಲಿಗಳು ಬಲಕ್ಕೆ ತಿರುಗಿದ್ದನ್ನು ನಾನು ನೋಡಿದೆ. ಕಾರು ತಿರುಗಲಿಲ್ಲ. ಗಾಲಿ ಬಲಕ್ಕೆ ನೋಡುತ್ತಿತ್ತು, ಕಾರು ನೆಟ್ಟಗೆ ಬರುತ್ತಿತ್ತು. ನೆಟ್ಟಗೆ ಅಂದರೆ ಹಳ್ಳದ ಕಡೆ. ಇನ್ನೂ ತಿರುಗಿಸಿದ. ಇನ್ನೂ. ಅವನ ಮುಖದ ನಗು ಹಾಗೆಯೇ ಉಳಿದಿತ್ತು, ತೆಗೆಯಲು ಸಮಯ ಸಿಕ್ಕಿರಲಿಲ್ಲ.

ನೀರು ಮುಗಿಯಿತು. ತಿರುಗಿ ನಿಂತ ಗಾಲಿಗಳು ಒಮ್ಮೆಲೇ ಡಾಂಬರನ್ನು ಕಚ್ಚಿದವು. ಕಾರು ಬಲಕ್ಕೆ ಎಗರಿ, ಸುತ್ತು ಹೊಡೆದು, ಹಿಂದುಮುಂದಾಗಿ ಜಾರಿ, ಹಿಂದಿನ ಎಡಗಾಲಿ ಕಾವಲುಗಲ್ಲಿಗೆ ಬಡಿದು ನಿಂತಿತು. ನಾನು ಕೈಯಿಟ್ಟಿದ್ದ ಕಲ್ಲಿಗೆ ನಾಲ್ಕು ಕಲ್ಲು ಆಚೆ. ಕಾರಿನ ಮೂತಿ ಈಗ ಕೊಟ್ಟೂರಿನ ಕಡೆಗಿತ್ತು. ಕಲ್ಲಿನ ಆಚೆ ಹಳ್ಳ.

ನನಗಿಂತ ಮೊದಲು ಓಡಿದವಳು ಹುಲಿಗೆಮ್ಮ.

"ಯವ್ವಾ, ಕಾರು ಬುಗುರಿ ಆತಲ್ಲಬೇ! ತಾಯೀ, ಪೆಟ್ಟಾತೇನ?"

ಪೆಟ್ಟಾಗಿರಲಿಲ್ಲ, ಇಬ್ಬರಿಗೂ. ಡಬ್ಬಿ ಬಾಗಿಲ ಸಂದಿಗೆ ಬಿದ್ದು ಹೋಳಿಗೆ ಎಲ್ಲ ಚೆಲ್ಲಿದ್ದವು. ನಾನು ಹತ್ತಿರ ಹೋದಾಗ ಕೊಟ್ರೇಶ ಇನ್ನೂ ಸ್ಟೀರಿಂಗ್ ಬಿಟ್ಟಿರಲಿಲ್ಲ. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

"ತಿರುಗಿಸಿದೆ ಲೇ ದುರುಗಾ," ಅಂದ. "ತಿರುಗಿಸಿದೆ. ಅದು ಕೇಳಲಿಲ್ಲ."

"ಗೊತ್ತೈತಿ. ನಾ ನೋಡೀನಿ."

"ಮುಳುಗಬಾರದಂತ ಹಾಕಿಸಿದ್ನಲ್ಲಲೇ."

ಮುಳುಗಲಿಲ್ಲ. ಅದೇ ಆದದ್ದು. ಎರೆಯ ಮೇಲೆ ಕಾರನ್ನು ತೇಲಿಸಿದ್ದ ಗಾಲಿ ನೀರಿನ ಮೇಲೆಯೂ ತೇಲಿಸಿತ್ತು. ಹಗುರ ಕಾರು, ಅಗಲ ಗಾಲಿ, ಸವೆದ ಹಲ್ಲು. ಭಾರ ಹಂಚಿಹೋಗಿ ನೀರನ್ನು ಒತ್ತಿ ಸರಿಸುವ ಬಲ ಉಳಿದಿರಲಿಲ್ಲ. ಎರೆಯಲ್ಲಿ ಮುಳುಗದಿರುವುದು ಗುಣ. ಡಾಂಬರಿನ ಮೇಲೆ ನೀರು ನಿಂತಾಗ ಗಾಲಿ ಮುಳುಗಲೇಬೇಕು, ತಳ ಮುಟ್ಟಲೇಬೇಕು.

ನಿರ್ಮಲಾ ತನ್ನ ಎಡಗೈಯನ್ನು, ಆ ಸೊಟ್ಟ ಕೈಯನ್ನು, ಎಷ್ಟು ಚಾಚಲು ಆಗುತ್ತದೋ ಅಷ್ಟು ಚಾಚಿ ಅವನ ಕೈಯ ಮೇಲಿಟ್ಟಳು. ಒಂದೊಂದೇ ಬೆರಳು ಬಿಡಿಸಿದಳು.

"ಬಿಡ್ರಿ. ನನ್ನ ಮಾತೂ ಕೇಳಲಿಲ್ಲ ಅದು."

ಕೊಟ್ರೇಶ ತಿರುಗಿ ನೋಡಿದ. "ಅಂದ್ರ?"

ಆಗ ಹೇಳಿದಳು, ಮಿಲ್ಲಿನ ಅಂಗಳದ ಕಥೆ, ಗೇಟು, ದೇವರ ಗೂಡಿನ ಬೀಗದಕೈ. ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ಹೇಳಿದಳು.

"ಅವತ್ತಿನಿಂದ ನಿನಗ ತಿರುಗಿಸಾಕ ಬರವಲ್ದೇನು?"

"ಇಲ್ಲ."

"ಯಾಕ ಹೇಳಲಿಲ್ಲಬೇ ನಿರ್ಮಲಾ?"

"ನನಗಂತ ಮಾಡಿಸಿದ್ರಲ್ರೀ. ಹೆಂಗ ಹೇಳ್ಲಿ?"

ಕೊಟ್ರೇಶ ಅತ್ತುಬಿಟ್ಟ. ನಾನು ಹಳ್ಳದ ಕಡೆ ನೋಡಿದೆ. ಹುಲಿಗೆಮ್ಮ ಮಾತ್ರ ಮುಖ ತಿರುಗಿಸಲಿಲ್ಲ. ಸೊಂಟಕ್ಕೆ ಕೈಯಿಟ್ಟು ನಿಂತು, "ಗಂಡಸ್ರು ಅಳೂದು ನೋಡಾಕ ಚೆಂದ ಐತಿ ಬಿಡವ್ವಾ," ಅಂದಳು. ಅಳುತ್ತಿದ್ದವನಿಗೂ ನಗು ಬಂತು.

ಕೊಟ್ಟೂರಿನ ಕಡೆ ಹೊರಟಿದ್ದ ಬಸ್ಸಿನವರ ಕೈಯಲ್ಲಿ ಬುಡೇನ್ ಸಾಬರಿಗೆ ಹೇಳಿ ಕಳುಹಿಸಿದೆವು. ಹಳೆಯ ಗಾಲಿಗಳನ್ನು ಒಂದು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಕಲ್ಲಿಗೆ ಬಡಿದ ರಿಮ್ಮು ಮುರಿದಿದ್ದನ್ನು ನೋಡಿ, "ಯಾ ಅಲ್ಲಾ, ನನ್ನ ಕೈಯಾರ ಮಾಡಿದ್ನಲ್ಲಾ," ಎಂದು ರಸ್ತೆಯ ಮೇಲೆಯೇ ಕುಕ್ಕರಿಸಿದರು. ಅವರನ್ನು ಎಬ್ಬಿಸಿ ಸಮಾಧಾನ ಮಾಡಿದ್ದು ನಿರ್ಮಲಾ. ನಾಲ್ಕೂ ಅಗಲ ಗಾಲಿ ಬಿಚ್ಚಿಸಿದ ಕೊಟ್ರೇಶ. ನಾಲ್ಕೂ ತೆಳ್ಳನೆ ಗಾಲಿ ಕೂಡಿಸಿದ ಮೇಲೆ ಬೀಗದಕೈ ತೆಗೆದು ಹೆಂಡತಿಯ ಮುಂದೆ ಹಿಡಿದ. ಈ ಸಲ ಒಂದೇ ಕೈಯಲ್ಲಿ. ಇನ್ನೊಂದರಲ್ಲಿ ಆಕೆಗೆ ಸ್ಟೀರಿಂಗ್ ಬದಿಯ ಬಾಗಿಲು ತೆರೆದ.

"ನನ್ನ ಕೈಲೆ ಆಗಂಗಿಲ್ಲ ಇವತ್ತು. ಮನಿಗೆ ನೀ ಕರಕೊಂಡು ಹೋಗು."

ಆಕೆ ಕುಳಿತಳು. ಸ್ಟಾರ್ಟ್ ಮಾಡಿದಳು. ಬಲಗೈಯಲ್ಲಿ ಸ್ಟೀರಿಂಗನ್ನು ನಿಂತಲ್ಲೇ ಒಮ್ಮೆ ಅತ್ತ, ಒಮ್ಮೆ ಇತ್ತ ತಿರುಗಿಸಿ ನೋಡಿದಳು. ಗಾಲಿಗಳು ಕೇಳಿದವು. ಆಕೆ ನಮ್ಮ ಕಡೆ ನೋಡಲಿಲ್ಲ, ಆದರೆ ಆ ಮುಖ ನನಗೆ ಕಂಡಿತು. ಅದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಅದೇ ನೀರಿನ ಮೇಲೆ, ಅದೇ ಇಳಿಜಾರನ್ನು ಹತ್ತಿ, ಕಾರು ಹೋಯಿತು. ನೀರು ಎರಡು ಗೆರೆಯಾಗಿ ಸೀಳಿ ಮತ್ತೆ ಕೂಡಿತು.

ಎಲ್ಲ ಸರಿಹೋಯಿತಲ್ಲ ಅಂದಿರಾ?

ಸಂಜೆ ಕೊಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಹಬ್ಬದ ಜನ ಕಂಡದ್ದು ಇಷ್ಟು: ಹಿಂದಿನ ಮಡ್‌ಗಾರ್ಡ್ ಜಜ್ಜಿಹೋದ ಕೆಂಪು ಕಾರು. ಪಕ್ಕದಲ್ಲಿ ಮುಖ ಸಣ್ಣಗಾಗಿ ಕುಳಿತ ಗಂಡ. ಸ್ಟೀರಿಂಗಿನಲ್ಲಿ ನಿರ್ಮಲಾ.

ಇಷ್ಟು ಸಾಕಲ್ಲವೇ ನಮಗೆ? ರಾತ್ರಿಯ ಊಟದ ಹೊತ್ತಿಗೆ ಊರೆಲ್ಲ ತೀರ್ಪು ಕೊಟ್ಟಾಗಿತ್ತು. ರೊಟ್ಟಿ ಬಡಿಯಲು ಬಾರದವಳು ಸ್ವಲ್ಪದರಲ್ಲಿ ಗಂಡನನ್ನು ಹಳ್ಳಕ್ಕೆ ಹಾಕುತ್ತಿದ್ದಳಂತೆ.

ಕೊಟ್ರೇಶ ಸುಮ್ಮನಿರಲಿಲ್ಲ. ಕೇಳಿದವರಿಗೆ, ಕೇಳದವರಿಗೆ ಹೇಳಿದ. "ನಾನಪಾ ಓಡಿಸ್ತಿದ್ದದ್ದು. ತಪ್ಪು ನಂದು. ಗಾಲಿ ಹಾಕಿಸಿದಾಂವ ನಾನು." ಜನ ಏನಂದರು ಗೊತ್ತೇ? "ಪಾಪ, ಎಂಥಾ ಒಳ್ಳೆ ಗಂಡ. ಹೆಂಡ್ತಿ ತಪ್ಪು ತನ್ನ ಮ್ಯಾಲ ಹಾಕ್ಕೊಂತಾನ." ಅವನು ನಿಜ ಹೇಳಿದಷ್ಟೂ ಆಕೆಯ ಮೇಲಿನ ಆರೋಪ ಗಟ್ಟಿಯಾಗುತ್ತ ಹೋಯಿತು. ನಾನು ಹೇಳಿದರೆ, "ನೀವು ಅವನ ದೋಸ್ತರು ಬಿಡ್ರಿ," ಎಂದು ಮುಗಿಸಿದರು. ತನ್ನ ತಪ್ಪನ್ನು ತನ್ನದೆಂದು ಒಪ್ಪಿಸಲು ಒಬ್ಬ ಮನುಷ್ಯ ಇಷ್ಟು ಕಷ್ಟಪಟ್ಟದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

"ಲೇ, ತಪ್ಪು ನಂದಂದ್ರ ಯಾರೂ ಒಪ್ಪವಲ್ರು," ಎಂದು ಕೊನೆಯ ಕಾಲದಲ್ಲಿಯೂ ನಗುತ್ತ ಅಂದಿದ್ದ. "ನಾನು ಹೋದ ಮ್ಯಾಲಾದ್ರೂ ಒಮ್ಮಿ ಸರಿಯಾಗಿ ಹೇಳಲೇ, ನೀ ನೋಡೀಯಲ್ಲ." ಆಗಲಿ ಅಂದಿದ್ದೆ.

ಅವನು ಹೋದ ಮೇಲೆ ಆಕೆ ಏನು ಮಾಡಿದರು? ಆಡಿಕೊಳ್ಳುವವರ ಮಾತನ್ನು ಹೌದೆಂದುಬಿಟ್ಟರು. ಮದುವೆ ಮನೆಯಲ್ಲಿ, ಎಲ್ಲರ ಎದುರು, ನಗುನಗುತ್ತ. ಯಾಕೆ? ನನಗೆ ಹೊಳೆದದ್ದು ಒಂದೇ ಕಾರಣ. ಇಲ್ಲ ಅಂದರೆ ಮುಂದಿನ ಮಾತು, ಹಾಗಾದರೆ ಓಡಿಸಿದವರು ಯಾರು? ಆ ನಗು ಸತ್ತವನ ಕಡೆ ತಿರುಗಬೇಕು. ಅದು ಅವರಿಗೆ ಬೇಡ.

ಮೆಚ್ಚಬೇಕೋ ಬೈಯಬೇಕೋ ನನಗೆ ಇನ್ನೂ ತಿಳಿದಿಲ್ಲ. ಗಂಡಸು ಓಡಿಸಿದ ಕಾರು ಜಾರಿದರೆ ರಸ್ತೆ ಕೆಟ್ಟದ್ದು, ಟೈರು ಕೆಟ್ಟದ್ದು, ಮಳೆ ಕೆಟ್ಟದ್ದು. ಹೆಂಗಸು ಪಕ್ಕದಲ್ಲಿ ಕುಳಿತಿದ್ದರೂ ಆಕೆಯೇ ಕೆಟ್ಟವಳು. ಈ ಲೆಕ್ಕವನ್ನು ನಮಗೆ ಕಲಿಸಿದವರು ಯಾರು?

ಈ ಬರಹ ಓದಿ ನಿರ್ಮಲಮ್ಮ ನನ್ನ ಮೇಲೆ ಸಿಟ್ಟಾಗುತ್ತಾರೆ. ಆಗಲಿ. ನಾನು ಗೆಳೆಯನಿಗೆ ಕೊಟ್ಟ ಮಾತು ಅದಕ್ಕಿಂತ ಹಳೆಯದು.

ನನ್ನ ಮಾತು ಸಾಲದು ಎನ್ನುವವರಿದ್ದಾರೆ, ಗೊತ್ತು. ಕೊಟ್ರೇಶನಿಲ್ಲ, ಬುಡೇನ್ ಸಾಬರೂ ಈಗಿಲ್ಲ. ಆದರೆ ಹುಲಿಗೆಮ್ಮ ಇದ್ದಾಳೆ. ಕಾನಹೊಸಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದಾಳೆ, ಕಣ್ಣು ಮಂಜಾಗಿದೆ, ನಾಲಿಗೆ ಆಗಿಲ್ಲ. ಕೆಸರಿನಲ್ಲಿ ನಿಂತು ಆಕೆಯೂ ಎಲ್ಲ ನೋಡಿದಳು, ಮತ್ತು ಆಕೆ ಯಾರ ದೋಸ್ತಳೂ ಅಲ್ಲ. ಹೋಗಿ ಕೇಳಿ. ನೋಡಿದವರಲ್ಲಿ ಬದುಕಿರುವ ಇನ್ನೊಬ್ಬರು ನಿರ್ಮಲಮ್ಮ. ಅವರನ್ನು ಮಾತ್ರ ಕೇಳಬೇಡಿ, ಅವರು ಇವತ್ತಿಗೂ ಗಂಡನನ್ನು ಬಿಟ್ಟುಕೊಡುವುದಿಲ್ಲ.